ಪರ್ಡಿಗೆ 26.5 ಕೋಟಿ ಡಾಲರ್ ಕೊಟ್ಟದ್ದು ಸರಿ, 2021ರಲ್ಲಿ ಎತ್ತಿದ ಚೀಟಿಯ ಕಂತು ಇನ್ನೂ ಕಾಡುತ್ತಿದೆ

ಮೂರನೇ_ಡೌನ್ (ಸನಿವೇಲ್)

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ (ನಮ್ಮ ನೈನರ್ಸ್) ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಬ್ರಾಕ್ ಪರ್ಡಿ, 2025ರ ಮೇ ತಿಂಗಳಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದಾಗಿನಿಂದ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು: ಐದು ವರ್ಷಕ್ಕೆ 26.5 ಕೋಟಿ ಡಾಲರ್ ಜಾಸ್ತಿಯಾಯಿತಾ ಇಲ್ಲವಾ. ಅಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಪ್ರಕಾರ ನೈನರ್ಸ್ ಅಭಿಮಾನಿಗಳು ಜಗಳ ಆಡಬೇಕಾದ್ದು ಈ ಮೊತ್ತದ ಮೇಲಲ್ಲ, 2021ರ ಮಾರ್ಚ್ 26ರಂದು ಆದ ವ್ಯವಹಾರದ ಮೇಲೆ.

ಅವತ್ತು ನಮ್ಮ ತಂಡ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನು ಆರಿಸುವ ಏಳು ಸುತ್ತುಗಳಲ್ಲಿ, 12ನೇ ಜಾಗದಿಂದ 3ನೇ ಜಾಗಕ್ಕೆ ಹಾರಿತು. ಅದಕ್ಕಾಗಿ ಮಯಾಮಿ ತಂಡಕ್ಕೆ ಕೊಟ್ಟದ್ದು ಆ 12ನೇ ಪಿಕ್ (ಆರಿಸುವ ಸರದಿ), 2022ರ ಮೊದಲ ಸುತ್ತು, 2023ರ ಮೊದಲ ಸುತ್ತು, ಮೇಲೆ 2022ರ ಒಂದು ಮೂರನೇ ಸುತ್ತು. ಯಾವ ಕ್ವಾರ್ಟರ್‌ಬ್ಯಾಕ್‌ಗಾಗಿ ಇಷ್ಟು ಕೊಟ್ಟರು ಅಂತ ಒಂದು ತಿಂಗಳು ಯಾರೂ ಬಾಯಿಬಿಡಲಿಲ್ಲ. ಮ್ಯಾಕ್ ಜೋನ್ಸಾ, ಜಸ್ಟಿನ್ ಫೀಲ್ಡ್ಸಾ, ಟ್ರೇ ಲ್ಯಾನ್ಸಾ ಅಂತ ಆಫೀಸಿನ ಕಾಫಿ ಯಂತ್ರದ ಮುಂದೆ ದಿನಾ ಅದೇ ಚರ್ಚೆ. ಕೊನೆಗೆ ಬಂದವನು ಲ್ಯಾನ್ಸ್. ನಾರ್ತ್ ಡಕೋಟಾ ಸ್ಟೇಟ್‌ನ ಹುಡುಗ. ಕಾಲೇಜಿನಲ್ಲಿ ಆರಂಭಿಕನಾಗಿ ಆಡಿದ್ದು ಬರೀ 17 ಪಂದ್ಯ. 2019ರಲ್ಲಿ 28 ಟಚ್‌ಡೌನ್ ಎಸೆದು ಒಂದೂ ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಗುವ ಎಸೆತ) ಕೊಟ್ಟಿರಲಿಲ್ಲ, ನಿಜ. ಆದರೆ ಕೋವಿಡ್ ಕಾರಣದಿಂದ 2020ರಲ್ಲಿ ಅವನು ಆಡಿದ್ದು ಒಂದೇ ಒಂದು ಪಂದ್ಯ.

ಚೀಟಿ ವ್ಯವಹಾರ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಅವಸರ ಇರುವವರು ಮೊದಲ ತಿಂಗಳೇ ಹೆಚ್ಚು ಬಿಟ್ಟು ಕೂಗಿ ಚೀಟಿ ಎತ್ತುತ್ತಾರೆ. ದುಡ್ಡು ತಕ್ಷಣ ಕೈಗೆ ಬರುತ್ತದೆ. ಆದರೆ ಉಳಿದ ಅಷ್ಟೂ ತಿಂಗಳು ಕಂತು ಕಟ್ಟಲೇಬೇಕು. ಎತ್ತಿದ ದುಡ್ಡಿನಲ್ಲಿ ಕೊಂಡ ಹಸು ಮೂರನೇ ತಿಂಗಳಿಗೇ ಸತ್ತರೂ ಕಂತು ಮಾತ್ರ ನಿಲ್ಲುವುದಿಲ್ಲ.

2022ರ ಸೆಪ್ಟೆಂಬರ್ 18ರಂದು ನಾನು ಲೀವೈಸ್ ಕ್ರೀಡಾಂಗಣದಲ್ಲೇ ಇದ್ದೆ. ಸಿಯಾಟಲ್ ವಿರುದ್ಧದ ಪಂದ್ಯ, ಮೊದಲ ಕ್ವಾರ್ಟರ್. ಲ್ಯಾನ್ಸ್ ಚೆಂಡು ಹಿಡಿದು ಮಧ್ಯದಲ್ಲಿ ನುಗ್ಗಿದ, ಬಿದ್ದ, ಏಳಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿ ಗಾಡಿಯ ಮೇಲೆ ಕೂರಿಸುವಾಗ ಎರಡೂ ತಂಡದವರು ಬಂದು ಅವನ ಭುಜ ತಟ್ಟಿದರು. ನನ್ನ ಪಕ್ಕದಲ್ಲಿ ಕೂತಿದ್ದ ಹತ್ತು ವರ್ಷದ ಹುಡುಗಿ 5ನೇ ನಂಬರಿನ ಜೆರ್ಸಿ ಹಾಕಿಕೊಂಡು ಅಳುತ್ತಿದ್ದಳು. ಪಂದ್ಯವನ್ನು 27-7ರಲ್ಲಿ ಗೆದ್ದೆವು, ಮನೆಗೆ ಹೋಗುವ ಲೈಟ್ ರೈಲಿನಲ್ಲಿ ಮಾತ್ರ ಯಾರೂ ಮಾತಾಡಲಿಲ್ಲ. ಆ ಹುಡುಗನ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ. ನಮ್ಮಲ್ಲಿ ಅವನು ಆರಂಭಿಕನಾಗಿ ಆಡಿದ್ದು ನಾಲ್ಕೇ ಪಂದ್ಯ. 2023ರ ಆಗಸ್ಟಿನಲ್ಲಿ ಒಂದು ನಾಲ್ಕನೇ ಸುತ್ತಿನ ಪಿಕ್ಕಿಗೆ ಡಲ್ಲಾಸ್‌ಗೆ ಕಳಿಸಿದರು.

ಅದೇ 2022ರ ಡ್ರಾಫ್ಟಿನ ಕಟ್ಟಕಡೆಯ ಹೆಸರು, 262ನೆಯದು, ಐಯೊವಾ ಸ್ಟೇಟ್‌ನ ಬ್ರಾಕ್ ಪರ್ಡಿ. ಡಿಸೆಂಬರಿನಲ್ಲಿ ಆಗಿನ ಆರಂಭಿಕ ಕ್ವಾರ್ಟರ್‌ಬ್ಯಾಕ್ ಗರಾಪಲೊ ಪಾದ ಮುರಿದುಕೊಂಡಾಗ ಒಳಗೆ ಬಂದ. ಮುಂದಿನ ವಾರ ಟಾಮ್ ಬ್ರೇಡಿಯ ಟ್ಯಾಂಪಾ ತಂಡವನ್ನು 35-7ರಲ್ಲಿ ಸೋಲಿಸಿದ. 2023ರಲ್ಲಿ 4,280 ಗಜ, 31 ಟಚ್‌ಡೌನ್, ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಪಯಣ. ಆ ವರ್ಷ ಅವನ ಸಂಬಳ ಸುಮಾರು 8.7 ಲಕ್ಷ ಡಾಲರ್. ಈ ಲೀಗಿನಲ್ಲಿ ಒಬ್ಬ ಒಳ್ಳೆಯ ಆರಂಭಿಕ ಕ್ವಾರ್ಟರ್‌ಬ್ಯಾಕ್ ಇಷ್ಟು ಅಗ್ಗಕ್ಕೆ ಸಿಗುವುದು ಅಂದರೆ ನೀರಿಲ್ಲದ ಊರಲ್ಲಿ ಹತ್ತಡಿಗೆ ಬಾವಿ ಸಿಕ್ಕ ಹಾಗೆ.

ಕ್ವಾರ್ಟರ್‌ಬ್ಯಾಕ್ ಯಾರು ಗೆಲ್ಲುತ್ತಾನೆ ಅಂತ ಮೊದಲೇ ಹೇಳುವ ಕಣ್ಣು ಯಾರಿಗೂ ಇಲ್ಲ. 3ನೇ ಪಿಕ್ಕನ್ನೂ 262ನೇ ಪಿಕ್ಕನ್ನೂ ಆರಿಸಿದ್ದು ಅದೇ ಜನರಲ್ ಮ್ಯಾನೇಜರ್ ಜಾನ್ ಲಿಂಚ್, ಅದೇ ಹೆಡ್ ಕೋಚ್ ಕೈಲ್ ಶಾನಹಾನ್, ಅದೂ ಹನ್ನೆರಡೇ ತಿಂಗಳ ಅಂತರದಲ್ಲಿ. ಹಾಗಿರುವಾಗ ಒಬ್ಬನೇ ಹುಡುಗನ ಮೇಲೆ ಮೂರು ವರ್ಷದ ಮೊದಲ ಸುತ್ತನ್ನು ಕಟ್ಟಬಾರದು. ಹಲವು ಸಲ, ಕಡಿಮೆ ಬೆಲೆಗೆ ಪ್ರಯತ್ನಿಸಬೇಕು. ಅಲ್ಲಿಯವರೆಗೆ ಉಳಿದ ತಂಡವನ್ನು, ಮುಖ್ಯವಾಗಿ ಎರಡೂ ಕಡೆಯ ಲೈನನ್ನು (ಮುಂದೆ ನಿಂತು ತಡೆಯುವವರು, ನುಗ್ಗುವವರು) ಕಟ್ಟಿ ಇಟ್ಟುಕೊಳ್ಳಬೇಕು. ಪರ್ಡಿ ಅಗ್ಗಕ್ಕೆ ಸಿಕ್ಕಿದ್ದರಿಂದ 2021ರ ತಪ್ಪು ಮೂರು ವರ್ಷ ಮುಚ್ಚಿಹೋಗಿತ್ತು. ಈಗ ವರ್ಷಕ್ಕೆ ಸರಾಸರಿ 5.3 ಕೋಟಿ ಡಾಲರ್ ಕೊಡಬೇಕಾದಾಗ ಅದು ಹೊರಗೆ ಬಂದಿದೆ.

2025ರ ಬೇಸಿಗೆಯಲ್ಲಿ ಹೋದವರನ್ನು ನೋಡಿ. ಡೀಬೊ ಸ್ಯಾಮ್ಯುಯೆಲ್ ಒಂದು ಐದನೇ ಸುತ್ತಿನ ಪಿಕ್ಕಿಗೆ ವಾಷಿಂಗ್ಟನ್‌ಗೆ. ಗ್ರೀನ್‌ಲಾ, ಹುಫಾಂಗಾ ಇಬ್ಬರೂ ಡೆನ್ವರ್‌ಗೆ. ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ. ಎಡ ಗಾರ್ಡ್ (ಲೈನಿನಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವವರಲ್ಲೊಬ್ಬ) ಆರನ್ ಬ್ಯಾಂಕ್ಸ್ ಗ್ರೀನ್ ಬೇಗೆ. ದುಬಾರಿ ಆಟಗಾರರು ಹೋಗುವುದು ಎಲ್ಲ ತಂಡದಲ್ಲೂ ಇದ್ದದ್ದೇ. ಅವರ ಜಾಗಕ್ಕೆ ಬರಬೇಕಾದ, ಮೂರ್ನಾಲ್ಕು ವರ್ಷ ಪಳಗಿದ, ಇನ್ನೂ ಅಗ್ಗವಾಗಿರುವ ಹುಡುಗರು ಎಲ್ಲಿ? ಅವರು 2022, 2023ರ ಮೊದಲ ಸುತ್ತಿನಿಂದ ಬರಬೇಕಿತ್ತು.

ಹಸಿರು_ಹದ್ದು (ಫಿಲಡೆಲ್ಫಿಯಾ ಹತ್ತಿರ)

ಮೂರನೇ ಡೌನ್ ಅವರೇ, ಎದುರಾಳಿ ಪಾಳೆಯದವನಾದರೂ ಒಪ್ಪುತ್ತೇನೆ. ನಮ್ಮ ಫಿಲಡೆಲ್ಫಿಯಾ ಈಗಲ್ಸ್ ತಂಡದ ಕಥೆ ನಿಮ್ಮ ಮಾತಿಗೆ ಸಾಕ್ಷಿ.

2020ರಲ್ಲಿ ನಮ್ಮವರು ಎರಡನೇ ಸುತ್ತಿನಲ್ಲಿ 53ನೇ ಪಿಕ್ ಆಗಿ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನನ್ನು ಆರಿಸಿದಾಗ ಊರಿಗೆ ಊರೇ ಬೈದಿತ್ತು. ಆಗಿನ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್‌ಗೆ ಹಿಂದಿನ ವರ್ಷ ತಾನೇ 12.8 ಕೋಟಿ ಡಾಲರಿನ ಒಪ್ಪಂದ ಕೊಟ್ಟಿದ್ದರು. ಮನೆಯಲ್ಲಿ ಒಬ್ಬ ಇರುವಾಗ ಇನ್ನೊಬ್ಬ ಯಾಕೆ ಅಂತ ನಾನೂ ಕೇಳಿದವನೇ. ಒಂದೇ ವರ್ಷದಲ್ಲಿ ವೆಂಟ್ಜ್ ಆಟ ಕುಸಿಯಿತು. 2025ರ ಫೆಬ್ರವರಿ 9ರಂದು ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಇರುವ ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ 40-22ರಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟದ್ದು ಆ ಎರಡನೇ ಸುತ್ತಿನ ಹುಡುಗ.

ಹರ್ಟ್ಸ್‌ನೂ ಅಗ್ಗದವನಲ್ಲ ಅನ್ನುವುದನ್ನು ಗಮನಿಸಿ. 2023ರಲ್ಲಿ ಐದು ವರ್ಷಕ್ಕೆ 25.5 ಕೋಟಿ ಕೊಟ್ಟರು, ಪರ್ಡಿಗಿಂತ ಹೆಚ್ಚೇನೂ ಕಡಿಮೆ ಅಲ್ಲ. ಆದರೂ ತಂಡ ಯಾಕೆ ಸೊರಗಲಿಲ್ಲ? ಲೈನ್ ನೋಡಿ, ಲೇನ್ ಜಾನ್ಸನ್ 2013ರಿಂದ ಇದ್ದಾನೆ. ಜೋರ್ಡನ್ ಮೈಲಾಟಾ ಏಳನೇ ಸುತ್ತಿನವನು, ಆಸ್ಟ್ರೇಲಿಯಾದಿಂದ ರಗ್ಬಿ ಲೀಗ್ ಆಡಿಕೊಂಡು ಬಂದವನು, ಡ್ರಾಫ್ಟ್ ಆಗುವವರೆಗೆ ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಜೇಸನ್ ಕೆಲ್ಸಿ ನಿವೃತ್ತಿ ಆಗುವ ಎರಡು ವರ್ಷ ಮೊದಲೇ ಅವನ ಜಾಗಕ್ಕೆ ಕ್ಯಾಮ್ ಜರ್ಗನ್ಸ್‌ನನ್ನು ತಂದು ಕೂರಿಸಿದ್ದರು. ರಕ್ಷಣೆಯಲ್ಲಿ ಜೋರ್ಡನ್ ಡೇವಿಸ್, ಜೇಲನ್ ಕಾರ್ಟರ್, ನೋಲನ್ ಸ್ಮಿತ್ ಮೂವರೂ ಎರಡು ವರ್ಷದೊಳಗಿನ ಮೊದಲ ಸುತ್ತಿನವರು. ಆ ಫೈನಲ್‌ನಲ್ಲಿ ಮಹೋಮ್ಸ್‌ನನ್ನು ಆರು ಸಲ ಸ್ಯಾಕ್ ಮಾಡಿದ್ದು (ಎಸೆಯುವ ಮೊದಲೇ ಕೆಡವಿದ್ದು) ಇಂಥ ಮುಂಚೂಣಿ.

ನಿಮ್ಮವರು ಎರಡು ವರ್ಷ ಮೊದಲ ಸುತ್ತಿನಲ್ಲಿ ಕೈಕಟ್ಟಿ ಕೂತಿದ್ದ ಹೊತ್ತಿಗೆ ನಮ್ಮವರು ಈ ಮೂವರನ್ನು ಹೊತ್ತು ತಂದರು. ನನಗೆ ಕಾಣುವ ವ್ಯತ್ಯಾಸ ಅಷ್ಟೇ.

ಹೊಸ_ನೋಡುಗಿ (ಮೈಸೂರು)

ನಮಸ್ಕಾರ. ಸಾಂಟಾ ಕ್ಲಾರಾದಲ್ಲಿರುವ ಅಣ್ಣನ ಮನೆಗೆ ಹೋಗಿದ್ದಾಗ ಈ ಆಟದ ಹುಚ್ಚು ಹತ್ತಿತು. ಇಲ್ಲಿಗೆ ವಾಪಸ್ ಬಂದ ಮೇಲೂ ಸೂಪರ್ ಬೌಲನ್ನು ಸೋಮವಾರ ಬೆಳಗಿನ ಜಾವ ಐದಕ್ಕೆ ಎದ್ದು ನೋಡುತ್ತೇನೆ. ಆಟ ಅರ್ಥವಾಗುತ್ತದೆ, ದುಡ್ಡಿನ ಲೆಕ್ಕ ಆಗುವುದಿಲ್ಲ. 2025ರ ಐಪಿಎಲ್ ಹರಾಜಿನಲ್ಲಿ ಎಲ್ಲರಿಗೂ 120 ಕೋಟಿ ಇತ್ತು, ಆರ್‌ಸಿಬಿ ಅದರಲ್ಲಿ ಕೊಹ್ಲಿಗೆ 21 ಕೋಟಿ ಇಟ್ಟು ಉಳಿದದ್ದರಲ್ಲಿ ಹೇಜಲ್‌ವುಡ್, ಸಾಲ್ಟ್, ಜಿತೇಶ್ ಅವರನ್ನೆಲ್ಲ ತಗೊಂಡಿತು ಅನ್ನುವುದು ಗೊತ್ತು. ಇದೂ ಹಾಗೇನಾ? ಪರ್ಡಿ ಅಷ್ಟು ಚೆನ್ನಾಗಿ ಆಡುತ್ತಿದ್ದಾಗ ಅವರಿಗೆ ಮೊದಲೇ ಯಾಕೆ ಸಂಬಳ ಜಾಸ್ತಿ ಮಾಡಲಿಲ್ಲ?

ಮೂರನೇ_ಡೌನ್ (ಸನಿವೇಲ್)

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಮೇಡಂ. ಮಿತಿ ಇದೆ ಅನ್ನುವುದೊಂದೇ ಹೋಲಿಕೆ. ಎಲ್ಲ 32 ತಂಡಕ್ಕೂ ವರ್ಷಕ್ಕೆ ಒಂದೇ ಸ್ಯಾಲರಿ ಕ್ಯಾಪ್, 2025ಕ್ಕೆ ಅದು 27.92 ಕೋಟಿ ಡಾಲರ್. ಅದರಲ್ಲಿ 53 ಜನರ ತಂಡ ಕಟ್ಟಬೇಕು. ಆದರೆ ಹೊಸ ಹುಡುಗರಿಗೆ ಹರಾಜು ಇಲ್ಲ, ಸರದಿ ಇದೆ. ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ನರಿಗೆ ಕೊನೆಯದು, ಹೀಗೆ ಏಳು ಸುತ್ತು. ಐಪಿಎಲ್‌ನಲ್ಲಿ ಹೊಸಬನೊಬ್ಬ ಚೆನ್ನಾಗಿ ಕಂಡರೆ ಹತ್ತು ತಂಡ ಕೂಗಿ ಬೆಲೆ ಏರಿಸುತ್ತವೆ. ಇಲ್ಲಿ ಅವನ ಸಂಬಳವನ್ನು ಅವನ ಸರದಿ ನಂಬರೇ ಹೆಚ್ಚುಕಡಿಮೆ ನಿರ್ಧರಿಸಿಬಿಡುತ್ತದೆ, ನಾಲ್ಕು ವರ್ಷಕ್ಕೆ. ಮೊದಲ ಸುತ್ತಿನವರಿಗೆ ಮಾತ್ರ ತಂಡ ಬಯಸಿದರೆ ಐದನೇ ವರ್ಷವೂ ಉಂಟು.

2011ರಲ್ಲಿ ಈ ಪದ್ಧತಿ ಬಂದ ಮೇಲೆ ಆಟದ ಅರ್ಥಶಾಸ್ತ್ರವೇ ಬದಲಾಯಿತು. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಒಂದು ಚೆಂಡು ಎಸೆಯುವ ಮೊದಲೇ 5 ಕೋಟಿ ಡಾಲರ್ ಖಾತ್ರಿ ಕೊಟ್ಟಿದ್ದರು. ಮರುವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು ಸಿಕ್ಕಿದ್ದು ಸುಮಾರು 2.2 ಕೋಟಿ. ಅಲ್ಲಿಂದ ಎಲ್ಲ ತಂಡಗಳಿಗೂ ಒಂದೇ ಕನಸು. ರೂಕಿ (ಹೊಸಬರ) ಸಂಬಳದ ಮೇಲೆ ಗೆಲ್ಲುವ ಕ್ವಾರ್ಟರ್‌ಬ್ಯಾಕ್ ಸಿಕ್ಕಿದರೆ ಉಳಿದ ದುಡ್ಡಿನಲ್ಲಿ ಬೇರೆಲ್ಲ ಜಾಗಕ್ಕೂ ದೊಡ್ಡ ಆಟಗಾರರನ್ನು ತರಬಹುದು. ಸಿಯಾಟಲ್ ಮೂರನೇ ಸುತ್ತಿನ ರಸೆಲ್ ವಿಲ್ಸನ್‌ನನ್ನು ಇಟ್ಟುಕೊಂಡು 2014ರ ಫೆಬ್ರವರಿಯಲ್ಲಿ ಗೆದ್ದದ್ದು ಹಾಗೆಯೇ. ನಾವು ಬೋಸಾಗೆ ಐದು ವರ್ಷಕ್ಕೆ 17 ಕೋಟಿ, ಐಯೂಕ್‌ಗೆ ನಾಲ್ಕು ವರ್ಷಕ್ಕೆ 12 ಕೋಟಿ ಕೊಡಲು ಸಾಧ್ಯವಾದದ್ದೂ ಪರ್ಡಿ ಅಗ್ಗವಾಗಿದ್ದ ಕಾರಣಕ್ಕೇ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಯಮದ ಪ್ರಕಾರ ಡ್ರಾಫ್ಟ್ ಆದ ಆಟಗಾರ ಮೂರು ಸೀಸನ್ ಮುಗಿಸುವವರೆಗೆ ಒಪ್ಪಂದ ಬದಲಿಸುವಂತೆಯೇ ಇಲ್ಲ. ತಂಡಕ್ಕೆ ಮನಸ್ಸಿದ್ದರೂ ಆಗುತ್ತಿರಲಿಲ್ಲ. ಅದಕ್ಕೇ ಅವನು 2025ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಮೊಣಕೈಯ ಅಸ್ಥಿರಜ್ಜು (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದ ಮೇಲೂ ಆ ಸಂಬಳಕ್ಕೇ ಆಡಿದವನು. ಈ ದುಡ್ಡು ಅವನದು, ಅವನಿಗೆ ಸಲ್ಲಲೇಬೇಕು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಒಂದು ಮಾತು ಸೇರಿಸುತ್ತೇನೆ. ಈ ಒಪ್ಪಂದಗಳ ಲೆಕ್ಕ ಬರೆಯುವ ಕೆಲಸದಲ್ಲಿ ನೈನರ್ಸ್ ಪರವಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇರುವವರು ಭಾರತೀಯ ಮೂಲದ ಪರಾಗ್ ಮರಾಠೆ. ನಮ್ಮವರು ಈ ಆಟದಲ್ಲಿ ಎಲ್ಲಿದ್ದಾರೆ ಅಂತ ಮಕ್ಕಳು ಕೇಳಿದರೆ ನಾನು ತೋರಿಸುವುದು ಅವರನ್ನೇ.

ಕಪ್ಪು_ಮಣ್ಣು (ಧಾರವಾಡದಾವ, ಈಗ ಸ್ಯಾನ್ ಹೋಸೆ)

ಮೂರನೇ ಡೌನ್ ಅವರ, ನಿಮ್ಮ ಚೀಟಿ ಮಾತು ಛಲೋ ಅದ, ಆದ್ರ ನಾ ಒಪ್ಪಂಗಿಲ್ರೀ. ಆಗಿನ ಪರಿಸ್ಥಿತಿ ಒಂಚೂರು ನೆನಸ್ಕೋರಿ. ಗರಾಪಲೊ 2018ರಾಗ ಮೂರನೇ ಪಂದ್ಯಕ್ಕ ಮೊಣಕಾಲು ಹರಕೊಂಡ. 2020ರಾಗ ಮತ್ತ ಪಾದದ ಕೀಲು ಉಳುಕಿ ಅರ್ಧಕ್ಕರ್ಧ ಸೀಸನ್ ಹೊರಗ. ನಡುವ 2019ರ ಸೀಸನ್ನಿನಾಗ ತಂಡ ಸೂಪರ್ ಬೌಲ್ ಮುಟ್ಟಿ ನಾಲ್ಕನೇ ಕ್ವಾರ್ಟರಿನಾಗ 20-10 ಮುಂದಿದ್ದು 31-20ಕ್ಕ ಸೋತಿತ್ತು. ಎದುರಿಗೆ ಮಹೋಮ್ಸ್ ಇದ್ದ. ಅಂಥವನ ಮುಂದ ನಿಲ್ಲೋ ಕೈ ಬೇಕು ಅಂತ ಶಾನಹಾನ್‌ಗ ಅನಿಸಿದ್ರ ಅದು ತಪ್ಪೇನು? ತಯಾರಿದ್ದ ತಂಡ, ಒಂದೇ ಜಾಗ ಖಾಲಿ. ಅಂಥ ಹೊತ್ತಿನ್ಯಾಗ ಧೈರ್ಯ ಮಾಡದವ್ರು ಯಾವಾಗ ಮಾಡ್ತಾರ?

ಚೀಫ್ಸ್‌ನವ್ರೂ 2017ರಾಗ 27ನೇ ಜಾಗದಿಂದ 10ಕ್ಕ ಜಿಗದೇ ಮಹೋಮ್ಸ್‌ನ್ನ ತಂದ್ರು. ಅಲ್ಲಿ ಯಾರೂ ಕಂತಿನ ಮಾತು ಆಡಂಗಿಲ್ಲ, ಯಾಕಂದ್ರ ಹಸು ಹಾಲು ಕೊಟ್ಟಿತು.

ಇನ್ನೊಂದು. ಮೊದಲ ಸುತ್ತು ಹೋತು, ಖರೆ. ಆದ್ರ ನಮ್ಮ ಸಹಾಯಕ ಕೋಚ್ ಆಗಿದ್ದ ಸಲೇ, ಮೆಕ್‌ಡ್ಯಾನಿಯಲ್, ಡಿಮೆಕೊ ರಯನ್ಸ್ ಇವ್ರೆಲ್ಲ ಬ್ಯಾರೆ ತಂಡಕ್ಕ ಹೆಡ್ ಕೋಚ್ ಆಗಿ ಹೋದದ್ದಕ್ಕ ನಿಯಮದ ಪ್ರಕಾರ ನಮಗ ಮೂರನೇ ಸುತ್ತಿನ ಹೆಚ್ಚುವರಿ ಪಿಕ್ ಸಾಲಾಗಿ ಬಂದುವಲ್ಲ? ಮೂರನೇ ಸುತ್ತಿನ್ಯಾಗ ಏನ್ ಮಾಡಿದ್ರು ನೋಡ್ರಿ. 2021ರಾಗ ಟ್ರೇ ಸರ್ಮನ್. 2022ರಾಗ ಡೇವಿಸ್-ಪ್ರೈಸ್, ಡ್ಯಾನಿ ಗ್ರೇ. 2023ರಾಗ ಕಿಕ್ಕರ್ (ಚೆಂಡು ಒದೆಯಾಂವ) ಮೂಡಿ 99ನೇ ಪಿಕ್ಕಿಗೆ, ಟೈಟ್ ಎಂಡ್ ಲಾಟು 101ಕ್ಕ. ಇವ್ರಾಗ ಯಾರೂ ನಿಲ್ಲಲಿಲ್ಲ. ಇದೇ ಮಂದಿ ಮೊದಲ 2018ರ ಮೂರನೇ ಸುತ್ತಿನ್ಯಾಗ ಫ್ರೆಡ್ ವಾರ್ನರ್‌ನ್ನ, 2017ರ ಐದನೇ ಸುತ್ತಿನ್ಯಾಗ ಜಾರ್ಜ್ ಕಿಟಲ್‌ನ್ನ ಹುಡುಕಿದವ್ರು. ಹೊಲ ಕಳದದ್ದು ಒಂದು ತಪ್ಪಾದ್ರ, ಇದ್ದ ಹೊಲದಾಗ ಬೀಜ ಸರಿ ಹಾಕದ್ದು ದೊಡ್ಡ ತಪ್ಪು. ನೀವು ಅದನ್ನ ಬಿಟ್ಟು ಲ್ಯಾನ್ಸ್ ವ್ಯವಹಾರ ಒಂದನ್ನ ಹಿಡಕೊಂಡೀರಿ.

ಮೂರನೇ_ಡೌನ್ (ಸನಿವೇಲ್)

ಮೂರನೇ ಸುತ್ತಿನ ವಿಷಯ ನೀವು ಹೇಳಿದ್ದು ಸರಿ, ಅದನ್ನು ನಾನು ಮೊದಲೇ ಬರೆಯಬೇಕಿತ್ತು. 2021ರಿಂದ 2023ರವರೆಗಿನ ಆ ಪಟ್ಟಿ ಓದಿದರೆ ಹೊಟ್ಟೆ ಉರಿಯುತ್ತದೆ. ಕಿಕ್ಕರ್‌ಗೆ ಮೂರನೇ ಸುತ್ತು ಕೊಟ್ಟದ್ದನ್ನು ನಾನು ಯಾವತ್ತೂ ಒಪ್ಪಿಲ್ಲ.

ಚೀಫ್ಸ್ ಹೋಲಿಕೆಯನ್ನು ಮಾತ್ರ ಬಿಡಲಾರೆ. ಅವರು ಕೊಟ್ಟದ್ದು 27ನೇ ಪಿಕ್, ಒಂದು ಮೂರನೇ ಸುತ್ತು, ಮರುವರ್ಷದ ಒಂದು ಮೊದಲ ಸುತ್ತು. ನಾವು ಅದಕ್ಕಿಂತ ಇನ್ನೊಂದು ಇಡೀ ಮೊದಲ ಸುತ್ತು ಹೆಚ್ಚು ಕೊಟ್ಟೆವು. ಅದಕ್ಕಿಂತ ಮುಖ್ಯವಾದದ್ದು, ಮಹೋಮ್ಸ್ ಮೊದಲ ವರ್ಷ ಹೆಚ್ಚುಕಡಿಮೆ ಪೂರ್ತಿ ಅಲೆಕ್ಸ್ ಸ್ಮಿತ್ ಹಿಂದೆ ನಿಂತು ಕಲಿತ. ಟೆಕ್ಸಸ್ ಟೆಕ್‌ನಲ್ಲಿ ನೂರಾರು ಅಲ್ಲ, ಸಾವಿರಕ್ಕೂ ಹೆಚ್ಚು ಸಲ ಚೆಂಡು ಎಸೆದು ಬಂದವನು. ಲ್ಯಾನ್ಸ್‌ಗೆ ಬೇಕಾಗಿದ್ದದ್ದು ಆಡುವ ಅವಕಾಶ. ಸೂಪರ್ ಬೌಲ್ ಗೆಲ್ಲಲೇಬೇಕು ಅಂತ ನಿಂತಿರುವ ತಂಡ ಅದನ್ನು ಕೊಡಲಾರದು. ಈ ಹುಡುಗ ಮತ್ತು ಈ ತಂಡ ಹೊಂದುವ ಜೋಡಿಯೇ ಆಗಿರಲಿಲ್ಲ. ತಯಾರಿರುವ ತಂಡಕ್ಕೆ ತಯಾರಿರುವ ಕ್ವಾರ್ಟರ್‌ಬ್ಯಾಕ್ ಬೇಕು. ಪರ್ಡಿ ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿ, ಸೋತು, ಗೆದ್ದು, ತಪ್ಪು ಮಾಡಿ ಕಲಿತು ಬಂದಿದ್ದ. 6 ಅಡಿ 1 ಇಂಚು, ತೋಳಿನ ಬಲ ಸಾಧಾರಣ ಅಂತ ಎಲ್ಲರೂ ಬಿಟ್ಟರು. ಶಾನಹಾನ್ ಆಟದಲ್ಲಿ ಬೇಕಾದ್ದು ಕಾಲಿನ ಹೆಜ್ಜೆ ಮುಗಿಯುವಷ್ಟರಲ್ಲಿ ಚೆಂಡು ಕೈಬಿಡುವ ಬುದ್ಧಿ. ಅದು ಅಳತೆ ಪಟ್ಟಿಗೆ ಸಿಗುವುದಿಲ್ಲ, ಆಡಿದ ಪಂದ್ಯಗಳಲ್ಲಿ ಸಿಗುತ್ತದೆ.

ಅದಕ್ಕೇ ನನ್ನ ಆಸೆ ಇಷ್ಟೇ: ಮೂರು ವರ್ಷಕ್ಕಿಂತ ಹೆಚ್ಚು ಆಡಿದ ಕ್ವಾರ್ಟರ್‌ಬ್ಯಾಕ್‌ಗಳನ್ನು ಮಧ್ಯದ, ಕೊನೆಯ ಸುತ್ತುಗಳಲ್ಲಿ ವರ್ಷ ಬಿಟ್ಟು ವರ್ಷ ತರುತ್ತಿರಲಿ. 2025ರಲ್ಲಿ 227ನೇ ಪಿಕ್ಕಿಗೆ ಇಂಡಿಯಾನಾದ ಕರ್ಟಿಸ್ ರೌರ್ಕ್‌ನನ್ನು ತಂದದ್ದು ನನಗೆ ಖುಷಿಯಾಯಿತು.

ಧೈರ್ಯದ ಮಾತು ಬಂತಲ್ಲ. ಧೈರ್ಯವನ್ನು ನಾನು ಬೇರೆ ಕಡೆ ಖರ್ಚು ಮಾಡುತ್ತಿದ್ದೆ. 2024ರ ಫೆಬ್ರವರಿ 11, ಲಾಸ್ ವೇಗಸ್, ಓವರ್‌ಟೈಮ್. ಚೀಫ್ಸ್ 9 ಗಜದ ಗೆರೆಯಲ್ಲಿ ನಾವು, ಮೂರನೇ ಡೌನ್ (ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ನಾಲ್ಕು ಗಜ ಬೇಕು. ಟಚ್‌ಡೌನ್ ಆದರೆ ಪಂದ್ಯದ ಬಣ್ಣವೇ ಬೇರೆ. ಚೆಂಡು ಹಿಂದಕ್ಕೆ ಬಂದ ಕ್ಷಣ ಚೀಫ್ಸ್‌ನ ಕ್ರಿಸ್ ಜೋನ್ಸ್ ನೇರ ಒಳಗೆ! ಯಾರೂ ಮುಟ್ಟಲಿಲ್ಲ ಅವನನ್ನು. ಲೀಗಿನ ಅತಿ ಅಪಾಯದ ಡಿಫೆನ್ಸಿವ್ ಟ್ಯಾಕಲ್‌ಗೆ ಬಾಗಿಲು ತೆರೆದಿಟ್ಟ ಹಾಗಾಯಿತು. ಬಲ ಗಾರ್ಡ್ ಫೆಲಿಸಿಯಾನೊ ಗಾಯವಾಗಿ ಹೊರಗಿದ್ದ, ಅವನ ಜಾಗದಲ್ಲಿ ನಾಲ್ಕನೇ ಸುತ್ತಿನ ಬರ್‌ಫರ್ಡ್. ಪರ್ಡಿ ಬೆನ್ನು ಬಾಗಿಸಿ ಎಸೆದ, ಚೆಂಡು ದಿಕ್ಕು ತಪ್ಪಿತು. ಫೀಲ್ಡ್ ಗೋಲಿಗೆ (ಮೂರು ಅಂಕದ ಒದೆತ) ತೃಪ್ತಿಪಡಬೇಕಾಯಿತು. ಆಮೇಲೆ ಮಹೋಮ್ಸ್ ಬಂದ, 25-22.

ಮನೆಯಲ್ಲಿ ಹದಿನೈದು ಜನ ಸೇರಿದ್ದೆವು. ನನ್ನ ಹೆಂಡತಿ ಮಾಡಿದ್ದ ಬಿಸಿಬೇಳೆಬಾತು ತಟ್ಟೆಯಲ್ಲೇ ಆರಿಹೋಯಿತು. ಆ ಒಂದು ಆಟವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ನನ್ನ ಕಣ್ಣು ಹೋಗುವುದು ಕ್ವಾರ್ಟರ್‌ಬ್ಯಾಕ್ ಕಡೆಗಲ್ಲ, ಬಲ ಗಾರ್ಡ್ ನಿಂತಿರುವ ಆ ಎರಡಡಿ ಜಾಗದ ಕಡೆಗೆ. ಮಯಾಮಿಗೆ ಕೊಟ್ಟ ಆ ಎರಡು ಮೊದಲ ಸುತ್ತುಗಳಲ್ಲಿ ಒಂದನ್ನಾದರೂ ಅಲ್ಲಿ ನಿಲ್ಲಿಸಿದ್ದರೆ!

ಹಳೇ_ಕ್ಯಾಂಡಲ್‌ಸ್ಟಿಕ್ (ಫ್ರೀಮಾಂಟ್)

ನಾನು ಈ ದೇಶಕ್ಕೆ ಬಂದದ್ದು 1984ರಲ್ಲಿ. ಮರುವರ್ಷ ಜನವರಿಯಲ್ಲಿ ನಮ್ಮ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲೇ ಸೂಪರ್ ಬೌಲ್, ಡ್ಯಾನ್ ಮರೀನೊ ಇದ್ದ ಮಯಾಮಿಯನ್ನು ನೈನರ್ಸ್ 38-16ರಲ್ಲಿ ಮಣಿಸಿದರು. ಟಿಕೆಟ್ಟಿಗೆ ದುಡ್ಡಿರಲಿಲ್ಲ, ಬಾಡಿಗೆ ಮನೆಯ ಸಣ್ಣ ಟಿವಿಯಲ್ಲಿ ನೋಡಿದೆ. ಅಲ್ಲಿಂದ ಇಲ್ಲಿಯವರೆಗೆ ತಂಡ ಬಿಟ್ಟಿಲ್ಲ.

ನೀವೆಲ್ಲ ಇಷ್ಟು ಚೆನ್ನಾಗಿ ವಾದ ಮಾಡುತ್ತಿರುವುದು ನೋಡಿ ನಮ್ಮ ಆಗಿನ ಕೋಚ್ ಬಿಲ್ ವಾಲ್ಶ್ ನೆನಪಾದರು. ಜೋ ಮೊಂಟಾನಾ 1979ರಲ್ಲಿ 82ನೇ ಪಿಕ್, ಮೂರನೇ ಸುತ್ತು. ಅವನಿಗಿಂತ ಮೊದಲು ಮೂವರು ಕ್ವಾರ್ಟರ್‌ಬ್ಯಾಕ್‌ಗಳು ಹೋಗಿದ್ದರು. ಈ ಹುಡುಗನ ತೋಳಿನಲ್ಲಿ ಬಲ ಸಾಲದು ಅಂತ ಅವತ್ತೂ ಹೇಳಿದ್ದರು. ಪರ್ಡಿ ಬಗ್ಗೆ ಅದೇ ಮಾತು ಕೇಳಿದಾಗ ನನಗೆ ನಲವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು.

ಆದರೆ ನಾನು ಹೇಳಬೇಕೆಂದದ್ದು 1986ರ ಡ್ರಾಫ್ಟ್. ವಾಲ್ಶ್ ಅವತ್ತು ಮೇಲಕ್ಕೆ ಹಾರಲಿಲ್ಲ, ಕೆಳಕ್ಕೆ ಇಳಿದರು. ಒಂದು ಪಿಕ್ ಕೊಟ್ಟು ಎರಡು ತಗೊಂಡರು, ಅದರಲ್ಲೊಂದು ಕೊಟ್ಟು ಮತ್ತೆರಡು. ಮೊದಲ ಸುತ್ತಿನಿಂದ ಪೂರ್ತಿ ಹೊರಬಂದರು. ಅವತ್ತು ಬೈದವರು ಬಹಳ. ಆ ಒಂದೇ ವರ್ಷದಲ್ಲಿ ಸಿಕ್ಕವರು ಚಾರ್ಲ್ಸ್ ಹೇಲಿ, ಜಾನ್ ಟೇಲರ್, ಟಾಮ್ ರಾತ್‌ಮನ್, ಟಿಮ್ ಮೆಕೈಯರ್, ಕೆವಿನ್ ಫೇಗನ್, ಸ್ಟೀವ್ ವಾಲೆಸ್, ಡಾನ್ ಗ್ರಿಫಿನ್. 1989, 1990ರ ಜನವರಿಗಳಲ್ಲಿ ಎರಡು ಸೂಪರ್ ಬೌಲ್ ಗೆದ್ದಾಗ ತಂಡದ ಬೆನ್ನೆಲುಬು ಇವರೇ. 1986ರಲ್ಲೇ ಮೊಂಟಾನಾ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಯಿತು, ಮರುವರ್ಷ ವಾಲ್ಶ್ ಟ್ಯಾಂಪಾಗೆ ಎರಡನೇ ಮತ್ತು ನಾಲ್ಕನೇ ಸುತ್ತಿನ ಪಿಕ್ ಕೊಟ್ಟು ಸ್ಟೀವ್ ಯಂಗ್‌ನನ್ನು ತಂದರು. ಮೊಂಟಾನಾ ಮನೆಯಲ್ಲಿ ಇದ್ದಾಗಲೇ! ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಇಬ್ಬರಿಗೂ ಸೇರಿ ನೈನರ್ಸ್ ಒಂದು ಮೊದಲ ಸುತ್ತನ್ನೂ ಖರ್ಚು ಮಾಡಲಿಲ್ಲ.

ಮೊದಲ ಸುತ್ತಿನ ಕ್ವಾರ್ಟರ್‌ಬ್ಯಾಕ್ ತರುವುದೇ ತಪ್ಪು ಅಂತಲ್ಲ. 2005ರಲ್ಲಿ ನಮಗೇ ಮೊದಲ ಪಿಕ್ ಸಿಕ್ಕಿತು, ಅಲೆಕ್ಸ್ ಸ್ಮಿತ್‌ನನ್ನು ಆರಿಸಿದೆವು. ಇಲ್ಲೇ ಬರ್ಕ್‌ಲಿಯಲ್ಲಿ ಆಡುತ್ತಿದ್ದ ಆರನ್ ರಾಜರ್ಸ್ 24ನೇ ಪಿಕ್‌ವರೆಗೆ ಇಳಿದು ಗ್ರೀನ್ ಬೇ ಪಾಲಾದ. ಪಕ್ಕದ ಮನೆಯವನೇ ಕಣ್ಣಿಗೆ ಬೀಳಲಿಲ್ಲ. ಮೂರನೇ ಡೌನ್ ಹೇಳಿದ್ದು ಅದನ್ನೇ, ಆ ಕಣ್ಣು ಯಾರಿಗೂ ಇಲ್ಲ.

ಕಪ್ಪು_ಮಣ್ಣು (ಧಾರವಾಡದಾವ, ಈಗ ಸ್ಯಾನ್ ಹೋಸೆ)

ಸರ್, 1986ರ ಕಥಿ ಕೇಳಿ ಮೈ ಝುಂ ಅಂತು. ಆ ಕಾಲಕ್ಕ ಸ್ಯಾಲರಿ ಕ್ಯಾಪ್ ಇರಲಿಲ್ಲ, ಅದು 1994ರಾಗ ಬಂತು. ಮೊಂಟಾನಾ, ಯಂಗ್ ಇಬ್ಬರನ್ನೂ ಒಂದೇ ಮನ್ಯಾಗ ಇಟ್ಟುಕೊಳ್ಳೋದು ಈಗಿನವರಿಗೆ ಆಗಂಗಿಲ್ಲ. ಆದ್ರ ಕೆಳಗ ಇಳದು ಪಿಕ್ ಹೆಚ್ಚು ಮಾಡ್ಕೊಳ್ಳೋ ಬುದ್ಧಿಗೆ ಕ್ಯಾಪ್ ಅಡ್ಡ ಬರಂಗಿಲ್ಲ, ಅದು ಖರೆ. ಲ್ಯಾನ್ಸ್ ವಿಷಯದಾಗ ನಾ ಈಗೂ ನನ್ನ ಮಾತಿಗೇ ನಿಲ್ತೀನಿ. ಮೂರು ವರ್ಷ ಸಾಲಾಗಿ ಎನ್‌ಎಫ್‌ಸಿ ಫೈನಲ್ (ಸೂಪರ್ ಬೌಲ್‌ಗಿಂತ ಹಿಂದಿನ ಪಂದ್ಯ) ಆಡಿದ ತಂಡಕ್ಕ ಆ ವ್ಯವಹಾರ ಮನಿ ಮುರೀತು ಅಂದ್ರ ನನ್ನ ಮನಸ್ಸು ಒಪ್ಪಂಗಿಲ್ಲ.

ಮೂರನೇ_ಡೌನ್ (ಸನಿವೇಲ್)

ಸರ್, ಈ ಪೋಸ್ಟನ್ನು ಎತ್ತಿಟ್ಟುಕೊಳ್ಳುತ್ತೇನೆ. ನನ್ನ ಮಗನಿಗೆ ಇವತ್ತೇ ಓದಿ ಹೇಳಿದೆ, ಅವನಿಗೆ ಜಾನ್ ಟೇಲರ್ ಯಾರು ಅಂತ ಗೊತ್ತಿರಲಿಲ್ಲ.

ಕಪ್ಪು ಮಣ್ಣು ಅವರೇ, ಮನೆ ಮುರಿಯಿತು ಅಂತ ನಾನು ಹೇಳಲಿಲ್ಲ. ಪರ್ಡಿ ಅನ್ನುವ ಅದೃಷ್ಟ ಅದನ್ನು ನಿಲ್ಲಿಸಿತು. 2024ರಲ್ಲಿ ಗಾಯಗಳು ಸಾಲುಗಟ್ಟಿದಾಗ 6-11ಕ್ಕೆ ಬಿದ್ದೆವಲ್ಲ, ಆಗ ಬೆಂಚಿನ ಮೇಲೆ ಯಾರೂ ಇರಲಿಲ್ಲ ಅನ್ನುವುದು ನನ್ನ ನೋವು.

ಈಗಿನ ಚಿಂತೆಗೆ ಬರುತ್ತೇನೆ. 2025ರ ಏಪ್ರಿಲಿನಲ್ಲಿ ನಮಗೆ 11 ಪಿಕ್ ಇತ್ತು. ಮೊದಲ ಐದನ್ನೂ ರಕ್ಷಣೆಗೆ ಕೊಟ್ಟರು: ಮೈಕೆಲ್ ವಿಲಿಯಮ್ಸ್, ಆಲ್‌ಫ್ರೆಡ್ ಕಾಲಿನ್ಸ್, ನಿಕ್ ಮಾರ್ಟಿನ್, ಅಪ್‌ಟನ್ ಸ್ಟೌಟ್, ಸಿಜೆ ವೆಸ್ಟ್. ಅಲ್ಲಿ ಅಷ್ಟು ದೊಡ್ಡ ತೂತು ಬಿದ್ದಿತ್ತು, ತಪ್ಪು ಅನ್ನಲಾರೆ, ಹಸಿರು ಹದ್ದು ಅವರು ಹೇಳಿದ ದಾರಿಯೇ ಇದು. ಆದರೆ ಆಫೆನ್ಸಿವ್ ಲೈನಿಗೆ ತಂದದ್ದು ಒಬ್ಬನೇ ಒಬ್ಬನನ್ನು, ಕಾನರ್ ಕಾಲ್ಬಿ, ಅದೂ ಏಳನೇ ಸುತ್ತಿನಲ್ಲಿ. ಎಡ ಗಾರ್ಡ್ ಜಾಗ ಖಾಲಿ. ಎಡ ಟ್ಯಾಕಲ್ ಟ್ರೆಂಟ್ ವಿಲಿಯಮ್ಸ್‌ಗೆ 2025ರ ಜುಲೈಗೆ 37 ತುಂಬುತ್ತದೆ. 2020ರಲ್ಲಿ ವಾಷಿಂಗ್ಟನ್‌ನಿಂದ ಒಂದು ಐದನೇ, ಒಂದು ಮೂರನೇ ಸುತ್ತಿಗೆ ಅವನನ್ನು ತಂದದ್ದು ಈ ಆಡಳಿತ ಮಾಡಿದ ಅತ್ಯುತ್ತಮ ವ್ಯವಹಾರ. ಅವನ ಹಿಂದೆ ಯಾರಿದ್ದಾರೆ? ವರ್ಷಕ್ಕೆ 5.3 ಕೋಟಿಯ ಕ್ವಾರ್ಟರ್‌ಬ್ಯಾಕ್ ಬೆನ್ನು ಕಾಯುವವನ ಉತ್ತರಾಧಿಕಾರಿಯನ್ನು 2025ರ ಡ್ರಾಫ್ಟಿನಲ್ಲೂ ಆರಿಸಲಿಲ್ಲ. 2024ರ ಮೂರನೇ ಸುತ್ತಿನ ಡಾಮಿನಿಕ್ ಪೂನಿ ಬಲ ಗಾರ್ಡ್ ಆಗಿ ಮೊದಲ ವರ್ಷವೇ ಪ್ರತಿ ಪಂದ್ಯ ಆಡಿದ, ಅಂಥ ಇನ್ನಿಬ್ಬರು ಬೇಕು.

ಹಸಿರು_ಹದ್ದು (ಫಿಲಡೆಲ್ಫಿಯಾ ಹತ್ತಿರ)

ಮೈಲಾಟಾ ಏಳನೇ ಸುತ್ತಿನವನು ಅಂತ ಆಗಲೇ ಬರೆದೆ. ಕಾಲ್ಬಿಯನ್ನು ಈಗಲೇ ತಳ್ಳಿಹಾಕಬೇಡಿ. ಆದರೆ ಮೈಲಾಟಾ ಎರಡು ವರ್ಷ ಮೈದಾನಕ್ಕೇ ಇಳಿಯಲಿಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವನನ್ನು ಅಕ್ಷರ ತಿದ್ದಿಸುವ ಹಾಗೆ ತಿದ್ದಿದರು. ಹುಡುಗನ ಜೊತೆ ಮೇಷ್ಟ್ರೂ ಬೇಕು, ಸಮಯವೂ ಬೇಕು.

ಹೊಸ_ನೋಡುಗಿ (ಮೈಸೂರು)

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಸಲ ಓದಿದೆ, ಚೀಟಿ ಉದಾಹರಣೆಯಿಂದ ಪಿಕ್ ವಿನಿಮಯ ಪೂರ್ತಿ ಅರ್ಥವಾಯಿತು. ಮೂರನೇ ಡೌನ್ ಅವರೇ, ಮೊದಲ ಪಂದ್ಯ 2025ರ ಸೆಪ್ಟೆಂಬರ್ 7ಕ್ಕೆ ಸಿಯಾಟಲ್‌ನಲ್ಲಿ ಅಂತ ಅಣ್ಣ ಹೇಳಿದ. ನಮಗೆ ಇಲ್ಲಿ ಭಾನುವಾರ ರಾತ್ರಿ ಕಳೆದು ಸೋಮವಾರ ನಸುಕಿನ ಒಂದೂವರೆ ದಾಟಿರುತ್ತದೆ, ಆದರೂ ನೋಡುತ್ತೇನೆ. ಲೈನ್ ಚೆನ್ನಾಗಿದೆಯೋ ಇಲ್ಲವೋ ಅಂತ ನನ್ನಂಥವಳು ಹೇಗೆ ತಿಳಿಯುವುದು? ನನ್ನ ಕಣ್ಣು ಯಾವಾಗಲೂ ಚೆಂಡಿನ ಹಿಂದೆಯೇ ಓಡುತ್ತದೆ.

ಮೂರನೇ_ಡೌನ್ (ಸನಿವೇಲ್)

ಮೊದಲ ಎರಡು ಮೂರು ಸರದಿಗಳಲ್ಲಿ ಚೆಂಡನ್ನು ಬಿಟ್ಟುಬಿಡಿ ಮೇಡಂ. ಪರ್ಡಿ ಎಡಗಡೆ 71ನೇ ನಂಬರ್ ಕಾಣುತ್ತದೆ, ಅದು ಟ್ರೆಂಟ್ ವಿಲಿಯಮ್ಸ್. ಅವನ ಕಾಲುಗಳನ್ನು ಮಾತ್ರ ನೋಡಿ. ಎದುರಿನವನು ನುಗ್ಗಿದಾಗ ಅವನು ನಿಂತಲ್ಲೇ ನಿಂತರೆ, ಅವನ ಪಕ್ಕ ಒಳಗಡೆ ಇರುವ ಹೊಸ ಗಾರ್ಡ್ ಹಿಂದೆ ಹಿಂದೆ ಸರಿಯುತ್ತಿದ್ದರೆ, ತೊಂದರೆ ಎಲ್ಲಿದೆ ಅಂತ ನಿಮಗೇ ಕಾಣುತ್ತದೆ. ಆ ರಾತ್ರಿ ನಾನೂ ಇಲ್ಲಿರುತ್ತೇನೆ, ನೋಡಿದ್ದನ್ನು ಬರೆಯಿರಿ.